ಕೊಡಗಿನ ಥಂಡಿಯಲ್ಲಿ ಜೆಟ್ ಫೈಟರ್ ಮಾಡೆಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲಾಸ್ಟಿಕ್ ಕಿಟ್ ತಂದು ವಿಮಾನ ಕಟ್ಟುವ ಆಸೆ ಇರುವವರು ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಕಡೆಯಿಂದ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಎಲ್ಲೋ ಒಣ ಊರಿನಲ್ಲಿ ಕೂತವರು ಮಾಡಿದ ವಿಡಿಯೊ ನೋಡಿ ಅದೇ ಥರ ಮಾಡಲು ಹೋದರೆ ಇಲ್ಲಿ ಬಣ್ಣ ಕೈ ಕೊಡುತ್ತದೆ. ತಪ್ಪು ನಿಮ್ಮ ಕೈಯದಲ್ಲ, ಗಾಳಿಯಲ್ಲಿರುವ ನೀರಿನದು. ಆದ್ದರಿಂದ ನಾನು ಎಲ್ಲರಿಗೂ ಮೊದಲು ಹೇಳುವುದು ಇಷ್ಟು: ಜೂನ್‌ನಿಂದ ಕಾವೇರಿ ಸಂಕ್ರಮಣದವರೆಗೆ ಕತ್ತರಿಸಿ, ಅಂಟಿಸಿ, ಉಜ್ಜಿ. ಬಣ್ಣದ ದೊಡ್ಡ ಕೆಲಸ ಅದಾದ ಮೇಲೆ ಇಟ್ಟುಕೊಳ್ಳಿ.

ಮೊದಲ ಕಿಟ್ ಯಾವುದು ತಗೊಳ್ಳಲಿ?

ನಿಮಗೆ ಇಷ್ಟವಾದ ವಿಮಾನದ್ದೇ ತಗೊಳ್ಳಿ, ಆದರೆ ಸಣ್ಣದು, ಭಾಗಗಳು ಕಡಿಮೆ ಇರುವುದು. ಎರಡು ಇಂಜಿನ್, ರೆಕ್ಕೆಯ ತುಂಬ ಕ್ಷಿಪಣಿ ಇರುವ ಸುಖೋಯ್ ಮೊದಲ ಕಿಟ್ ಆಗಿ ಬೇಡ. ಅರ್ಧಕ್ಕೆ ಬೇಸರ ಬಂದು ಅಟ್ಟ ಸೇರುತ್ತದೆ.

ನನ್ನನ್ನು ಕೇಳಿದರೆ ಹಾಕರ್ ಹಂಟರ್. ಏರ್‌ಫಿಕ್ಸ್, ರೆವೆಲ್ ಎರಡೂ ಕಂಪನಿಗಳು 1/72 ಅಳತೆಯಲ್ಲಿ ಇದನ್ನು ಮಾಡಿವೆ. ಮೈಕಟ್ಟು ಸರಳ, ನೋಡಲು ಬಹಳ ಚೆಂದ, ನಮ್ಮ ಊರಿಗೂ ಸಂಬಂಧ ಇದೆ. 1965ರ ಯುದ್ಧದಲ್ಲಿ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ ಹಾರಿಸುತ್ತಿದ್ದದ್ದು ಹಂಟರ್. ಸೆಪ್ಟೆಂಬರ್ 22ರಂದು ಅದು ಹೊಡೆತ ತಿಂದು ಬಿದ್ದು ಅವರು ಯುದ್ಧಕೈದಿಯಾದರು, ಮುಂದೆ ಏರ್ ಮಾರ್ಷಲ್ ಹುದ್ದೆಗೆ ಏರಿದರು. ನಮ್ಮ ವಾಯುಪಡೆಗೆ ಬಂದ ಹಂಟರ್ ಮಾರ್ಕ್ 56, ಬ್ರಿಟಿಷರ ಎಫ್-6 ಮಾದರಿಯಿಂದ ಮಾಡಿದ್ದು. ಬಾಲದ ಕೊಳವೆಯ ಮೇಲೆ ಬ್ರೇಕ್ ಪ್ಯಾರಾಶೂಟ್ ಇರುವುದು ಮುಖ್ಯ ವ್ಯತ್ಯಾಸ. ಹಾಗಾಗಿ ಎಫ್-6 ಕಿಟ್ ತಗೊಂಡು ಅಲ್ಲೊಂದು ಸಣ್ಣ ಉಬ್ಬು ಸೇರಿಸಿದರೆ ಕೆಲಸ ಆಯಿತು.

ನ್ಯಾಟ್ ಅನ್ನೋ ಪುಟ್ಟ ಫೈಟರ್ ಬೇಕು ಅನ್ನುವವರಿಗೆ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕೆಂಪು ಬಣ್ಣದ, ಬ್ರಿಟಿಷ್ ವಾಯುಪಡೆಯ ಪ್ರದರ್ಶನ ತಂಡ ರೆಡ್ ಆರೋಸ್‌ನ ನ್ಯಾಟ್ ಎರಡು ಸೀಟಿನ ತರಬೇತಿ ವಿಮಾನ. 1971ರ ಡಿಸೆಂಬರ್ 14ರಂದು ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಶ್ರೀನಗರದ ಮೇಲೆ ಹಾರಿಸಿದ್ದು ಒಂದೇ ಸೀಟಿನದು. ಬಾಕ್ಸ್ ಮೇಲಿನ ಚಿತ್ರ ನೋಡಿ ಮೋಸ ಹೋಗಬೇಡಿ.

ಮಿಗ್-21?

ಖಂಡಿತ ಕಟ್ಟಿ. 1963ರಲ್ಲಿ ಬಂದು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಟ್ಟ ವಿಮಾನ ಅದು. ಅದರ ಮೇಲೆ ಕೆಲಸ ಮಾಡಿದ ಒಬ್ಬರಾದರೂ ನಿಮ್ಮ ನೆಂಟರಲ್ಲಿ ಸಿಗಬಹುದು. ಆದರೆ ಮಿಗ್-21ರಲ್ಲಿ ಬಗೆ ಬಹಳ. ಎಫ್ಎಲ್ ಬೆನ್ನು ಸಪೂರ, ಬಿಸ್ ಬೆನ್ನು ದಪ್ಪ. ಯಾವ ವರ್ಷದ, ಯಾವ ಸ್ಕ್ವಾಡ್ರನ್ನಿನ ವಿಮಾನ ಬೇಕು ಅಂತ ಮೊದಲು ತೀರ್ಮಾನಿಸಿ, ಫೋಟೊ ಹುಡುಕಿ, ಆಮೇಲೆ ಕಿಟ್ ಆರ್ಡರ್ ಮಾಡಿ. ಬೆಂಗಳೂರಿಗೆ ಹೋದಾಗ ಎಚ್ಎಎಲ್ ಮ್ಯೂಸಿಯಂಗೆ ಒಂದು ಸುತ್ತು ಹೋಗಿ ಬನ್ನಿ, ಮಿಗ್-21, ಎಚ್ಎಎಲ್ ತಾನೇ ಮಾಡಿದ ಫೈಟರ್ ಮಾರುತ್ ಎರಡನ್ನೂ ಹತ್ತಿರದಿಂದ ನೋಡಬಹುದು. ಚಕ್ರದ ಗೂಡು, ಇಂಜಿನ್ ಕೊಳವೆ, ರೆಕ್ಕೆ ಬುಡ, ಈ ಮೂರರ ಫೋಟೊ ಜಾಸ್ತಿ ತೆಗೆದುಕೊಳ್ಳಿ.

1/72 ಅಂದರೆ ಎಷ್ಟು ದೊಡ್ಡದು?

ನಿಜವಾದ ವಿಮಾನವನ್ನು 72ರಿಂದ ಭಾಗಿಸಿ. ಹಂಟರ್ ಸುಮಾರು 14 ಮೀಟರ್ ಉದ್ದ, ಅಂದರೆ ಮಾಡೆಲ್ 19 ಸೆಂಟಿಮೀಟರ್ ಚಿಲ್ಲರೆ. 1/48ರಲ್ಲಿ ಅದೇ 29 ಸೆಂಟಿಮೀಟರ್ ಆಗುತ್ತದೆ. ಕಾಕ್‌ಪಿಟ್ ಚೆನ್ನಾಗಿ ಕಾಣಬೇಕು ಅಂದರೆ 1/48, ಶೋಕೇಸಿನಲ್ಲಿ ಜಾಗ ಕಡಿಮೆ ಅಂದರೆ 1/72. 1/32 ಮೇಜನ್ನೇ ತಿನ್ನುತ್ತದೆ, ದುಡ್ಡನ್ನೂ.

ಶುರು ಮಾಡಲು ಏನೇನು ಬೇಕು?

ಭಾಗ ಕತ್ತರಿಸಲು ಚೂಪಾದ ಸಣ್ಣ ನಿಪ್ಪರ್, ಬ್ಲೇಡ್ ಬದಲಿಸಬಹುದಾದ ಹಾಬಿ ಚಾಕು, ಚಿಮಟ, ಮಾಸ್ಕಿಂಗ್ ಟೇಪ್, ಪ್ಲಾಸ್ಟಿಕ್ ಅಂಟು, 400ರಿಂದ 2000 ನಂಬರಿನವರೆಗಿನ ವಾಟರ್ ಪೇಪರ್, ಅಂದರೆ ನೀರು ಹಚ್ಚಿ ಉಜ್ಜುವ ಸ್ಯಾಂಡ್ ಪೇಪರ್. ವಾಟರ್ ಪೇಪರ್ ಹಾಬಿ ಅಂಗಡಿಯದ್ದೇ ಆಗಬೇಕಿಲ್ಲ. ಕುಶಾಲನಗರವೋ ಗೋಣಿಕೊಪ್ಪವೋ, ಕಾರಿನ ಪೇಂಟ್ ಮಾರುವ ಯಾವ ಅಂಗಡಿಗೆ ಹೋಗಿ ಕೇಳಿದರೂ ಕೊಡುತ್ತಾರೆ. ಸಣ್ಣದಾಗಿ ಕತ್ತರಿಸಿ ಐಸ್‌ಕ್ರೀಮ್ ಕಡ್ಡಿಗೆ ಅಂಟಿಸಿಕೊಳ್ಳಿ.

ಒಂದು ಡಿಜಿಟಲ್ ತೇವಾಂಶ ಮಾಪಕವನ್ನೂ ತಗೊಳ್ಳಿ. ಸಣ್ಣದು, ಹೆಚ್ಚು ಬೆಲೆ ಇಲ್ಲ. ಬೇರೆ ಊರಿನವರ ಪಟ್ಟಿಯಲ್ಲಿ ಇದು ಇರುವುದಿಲ್ಲ. ಕೊಡಗಿನಲ್ಲಿ ಇದಿಲ್ಲದೆ ಬಣ್ಣ ಹೊಡೆಯಲು ಕೂರಲೇಬೇಡಿ.

ಬಾಕ್ಸ್ ತೆರೆದ ಕೂಡಲೇ ಅಂಟಿಸೋಕೆ ಶುರು ಮಾಡಬಹುದಾ?

ಬೇಡ. ಅಚ್ಚಿನಿಂದ ಬಿಡಿಸಲು ಕಾರ್ಖಾನೆಯಲ್ಲಿ ಬಳಸಿದ ಎಣ್ಣೆ ಭಾಗಗಳ ಮೇಲೆ ಉಳಿದಿರಬಹುದು. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಫ್ರೇಮ್ ಸಮೇತ ಮೆಲ್ಲಗೆ ತೊಳೆದು ಒಣಗಿಸಿ. ಬಿಸಿ ನೀರು ಬೇಡ, ಉಗುರು ಬೆಚ್ಚಗಿದ್ದರೆ ಸಾಕು. ಆಮೇಲೆ ಸೂಚನಾ ಹಾಳೆಯನ್ನು ಕೊನೆವರೆಗೆ ಓದಿ. ಅಂಟು ಹಾಕುವ ಮುಂಚೆ ಪ್ರತಿ ಜೋಡಿಯನ್ನೂ ಸುಮ್ನೆ ಒಂದಕ್ಕೊಂದು ಕೂರಿಸಿ ನೋಡಿ, ಅಂತರ ಎಲ್ಲಿ ಬರುತ್ತದೆ ಅಂತ ಆಗಲೇ ಗೊತ್ತಾಗುತ್ತದೆ.

ಫೆವಿಕ್ವಿಕ್ ಸಾಕಾಗಲ್ವಾ?

ಕೆಲವು ಕಡೆ ಸಾಕು, ಎಲ್ಲ ಕಡೆ ಅಲ್ಲ. ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಟಮಿಯಾ ಎಕ್ಸ್‌ಟ್ರಾ ಥಿನ್ ಥರದ ಅಂಟು ಈ ಪ್ಲಾಸ್ಟಿಕ್ಕನ್ನೇ ಒಂಚೂರು ಕರಗಿಸಿ ಎರಡು ಭಾಗವನ್ನು ಒಂದು ಮಾಡಿಬಿಡುತ್ತದೆ. ಎರಡು ಭಾಗ ಹಿಡಿದುಕೊಂಡು ಸಂದಿಗೆ ಬ್ರಷ್ ತಾಗಿಸಿದರೆ ಅಂಟು ತಾನಾಗಿ ಒಳಗೆ ಓಡುತ್ತದೆ. ನಿಧಾನವಾಗಿ ಒತ್ತಿದಾಗ ಕರಗಿದ ಪ್ಲಾಸ್ಟಿಕ್ ಸಣ್ಣ ಗೆರೆಯಾಗಿ ಹೊರಗೆ ಬಂದರೆ ಒಳ್ಳೆಯದೇ, ಮರುದಿನ ಅದನ್ನು ಕೆರೆದು ಉಜ್ಜಿದರೆ ಸಂದಿ ಮಾಯ.

ಫೆವಿಕ್ವಿಕ್ ಬೇಗ ಹಿಡಿಯುತ್ತದೆ, ಆದರೆ ಸರಿಪಡಿಸಲು ಸಮಯ ಕೊಡುವುದಿಲ್ಲ. ಗಾಳಿಯ ತೇವಾಂಶವೇ ಅದನ್ನು ಗಟ್ಟಿ ಮಾಡುವುದರಿಂದ ನಮ್ಮ ಮಳೆಗಾಲದಲ್ಲಿ ಇನ್ನೂ ಬೇಗ ಹಿಡಿಯುತ್ತದೆ. ಪೈಲಟ್ ತಲೆ ಮೇಲಿನ ಗಾಜಿನಂಥ ಮುಚ್ಚಳ, ಅಂದರೆ ಕ್ಯಾನಪಿ ಹತ್ತಿರವಂತೂ ತರಲೇಬೇಡಿ, ಅದರ ಆವಿಗೆ ಪಾರದರ್ಶಕ ಪ್ಲಾಸ್ಟಿಕ್ ಬೆಳ್ಳಗೆ ಮಂಕಾಗುತ್ತದೆ. ಕ್ಯಾನಪಿಗೆ ಮಾಮೂಲಿ ಬಿಳಿ ಫೆವಿಕಾಲ್ ಸಾಕು. ಒಣಗಿದಾಗ ಕಾಣುವುದಿಲ್ಲ, ಜಾಸ್ತಿ ಆದರೆ ಒದ್ದೆ ಹತ್ತಿಯಿಂದ ಒರೆಸಬಹುದು.

ಮಾಡೆಲ್ ಮೂಗು ಮೇಲೆತ್ತಿ ಬಾಲದ ಮೇಲೆ ಕೂರುತ್ತದೆ, ಏನು ಮಾಡಲಿ?

ಮುಂದೆ ಒಂದು, ಹಿಂದೆ ಎರಡು ಚಕ್ರ ಇರುವ ಜೆಟ್‌ಗಳಲ್ಲಿ ಇದು ಮಾಮೂಲು. ಮೈಯ ಎರಡು ಭಾಗ ಮುಚ್ಚುವ ಮೊದಲೇ ಮೂಗಿನೊಳಗೆ ತೂಕ ಹಾಕಬೇಕು. ಗಾಳಕ್ಕೆ ಕಟ್ಟುವ ಸೀಸ ಅಥವಾ ಏರ್‌ಗನ್ ಪೆಲೆಟ್ ಸರಿಯಾಗುತ್ತದೆ, ಎರಡೂ ನಮ್ಮ ಕಡೆ ಸಿಗದ ವಸ್ತುಗಳಲ್ಲ. ಆದರೆ ಸೀಸವನ್ನು ಫೆವಿಕಾಲ್‌ನಲ್ಲಿ ಕೂರಿಸಬೇಡಿ. ಕಾಲ ಕಳೆದಂತೆ ಎರಡೂ ಸೇರಿ ರಾಸಾಯನಿಕ ಕ್ರಿಯೆ ನಡೆದು ಸೀಸ ಪುಡಿಯಾಗಿ ಉಬ್ಬುತ್ತದೆ, ಮೂಗು ಸೀಳಿ ಹೋಗುತ್ತದೆ. ಅರಾಲ್ಡೈಟ್ ಬಳಸಿ. ಸೀಸ ಮುಟ್ಟಿದ ಕೈ ತೊಳೆದುಕೊಂಡೇ ಊಟಕ್ಕೆ ಕೂರಿ.

ಎಷ್ಟು ತೂಕ ಅಂತ ಕಂಡುಕೊಳ್ಳಲು ಮೈ, ರೆಕ್ಕೆ, ಬಾಲ ಎಲ್ಲವನ್ನೂ ಟೇಪಿನಲ್ಲಿ ಹಿಡಿಸಿ, ಹಿಂದಿನ ಚಕ್ರ ಬರುವ ಜಾಗದಲ್ಲಿ ಎರಡು ಬೆರಳ ಮೇಲೆ ನಿಲ್ಲಿಸಿ. ಮೂಗು ಕೆಳಗೆ ವಾಲುವವರೆಗೆ ತೂಕ ಸೇರಿಸಿ, ಆಮೇಲೆ ಇನ್ನೂ ಸ್ವಲ್ಪ.

ಸಂದಿ ಗೆರೆ ಹೋಗುವುದೇ ಇಲ್ಲ. ಬಣ್ಣ ಹೊಡೆದರೆ ಮುಚ್ಚುತ್ತಾ?

ಮುಚ್ಚುವುದಿಲ್ಲ, ಇನ್ನೂ ಎದ್ದು ಕಾಣುತ್ತದೆ. ಮಾಡೆಲ್ ಚೆನ್ನಾಗಿ ಬರುವುದು, ಕೆಡುವುದು ಈ ಹಂತದಲ್ಲೇ. ಮಳೆಗಾಲದ ಮೂರ್ನಾಲ್ಕು ತಿಂಗಳು ಇದಕ್ಕೇ ಅಂತ ಇಟ್ಟುಕೊಳ್ಳಿ ಅಂತ ನಾನು ಹೇಳುವುದು ಅದಕ್ಕೇ. ದೊಡ್ಡ ಸಂದಿಗೆ ಪುಟ್ಟಿ, ಸಣ್ಣದಕ್ಕೆ ಮಿಸ್ಟರ್ ಸರ್ಫೇಸರ್ 500 ಅನ್ನೋ ದಪ್ಪ ಪ್ರೈಮರ್. ಪುಟ್ಟಿ ಹಾಕಿದ ದಿನವೇ ಉಜ್ಜಬೇಡಿ. ಒಣಗುತ್ತಾ ಕುಗ್ಗುತ್ತದೆ, ನಮ್ಮಲ್ಲಿ ಒಣಗುವುದೂ ತಡ. ಒಂದೆರಡು ದಿನ ಬಿಟ್ಟು 400ರಿಂದ ಶುರು ಮಾಡಿ 600, 1000 ಅಂತ ಏರುತ್ತಾ ನೀರು ಹಚ್ಚಿ ಉಜ್ಜಿ. ನೀರು ಹಚ್ಚಿದರೆ ಧೂಳು ಹಾರುವುದಿಲ್ಲ, ಪೇಪರ್ ಬೇಗ ಕಟ್ಟಿಕೊಳ್ಳುವುದಿಲ್ಲ.

ಗೆರೆ ಹೋಯಿತಾ ಅಂತ ನೋಡಲು ಕಣ್ಣನ್ನು ನಂಬಬೇಡಿ, ಉಗುರು ಎಳೆದು ನೋಡಿ. ಆಮೇಲೆ ಬೂದು ಪ್ರೈಮರ್ ತೆಳುವಾಗಿ ಹೊಡೆದರೆ ಉಳಿದ ಎಲ್ಲ ತಪ್ಪೂ ತಾನಾಗಿ ಕಾಣುತ್ತದೆ. ಜೆಟ್‌ಗಳಲ್ಲಿ ಜನ ಮರೆಯುವ ಜಾಗ ಗಾಳಿ ಒಳಗೆ ಹೋಗುವ ಬಾಯಿ. ಅದರ ಒಳಗೆ ಎರಡು ಭಾಗ ಸೇರುವ ಗೆರೆ ಉಳಿದರೆ ಮುಂದಿನಿಂದ ನೋಡಿದವರಿಗೆ ಮೊದಲು ಕಾಣುವುದು ಅದೇ. ಮುಚ್ಚುವ ಮೊದಲೇ ಅಲ್ಲಿ ಉಜ್ಜಿ ಬಿಳಿ ಬಣ್ಣ ಹೊಡೆದು ಮುಗಿಸಿಕೊಳ್ಳಿ.

ಜಡಿಮಳೆ ಇರುವಾಗ ಬಣ್ಣ ಹೊಡೆದರೆ ಏನಾಗುತ್ತದೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಬಣ್ಣದ ಬಗೆ ನೋಡಿ ಉತ್ತರ ಬೇರೆ ಬೇರೆ.

ಲ್ಯಾಕರ್ ಬಣ್ಣ, ಲ್ಯಾಕರ್ ವಾರ್ನಿಷ್, ಸ್ಪ್ರೇ ಕ್ಯಾನ್, ಇವುಗಳಲ್ಲಿರುವ ದ್ರಾವಕ ಬಹಳ ಬೇಗ ಆವಿಯಾಗುತ್ತದೆ. ಆವಿಯಾಗುವಾಗ ಮಾಡೆಲ್ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ಮೊದಲೇ ನೀರು ತುಂಬಿರುವುದರಿಂದ ಆ ತಣ್ಣನೆ ಮೇಲ್ಮೈಯಲ್ಲಿ ಅದು ಹನಿಯಾಗಿ ಕೂತು ಬಣ್ಣದ ಪದರದೊಳಗೇ ಸಿಕ್ಕಿಕೊಳ್ಳುತ್ತದೆ. ಒಣಗಿದ ಮೇಲೆ ನೋಡಿದರೆ ಬೆಳ್ಳನೆ ಮಬ್ಬು. ಹೊಳಪಿನ (ಗ್ಲಾಸ್) ವಾರ್ನಿಷ್ ಮೇಲೆ ಇದು ಇನ್ನೂ ಕೆಟ್ಟದಾಗಿ ಕಾಣುತ್ತದೆ. ಮಾಪಕ 70 ಪರ್ಸೆಂಟ್ ದಾಟಿದ್ದರೆ ನಾನು ಲ್ಯಾಕರ್ ಬಾಟಲಿ ತೆರೆಯುವುದಿಲ್ಲ. ಜುಲೈನಲ್ಲಿ ಮಡಿಕೇರಿ ಕಡೆ ಅದಕ್ಕಿಂತ ಕಡಿಮೆ ಇರುವ ದಿನ ಸಿಗುವುದೇ ಅಪರೂಪ ಅಂತ ನಿಮಗೇ ಗೊತ್ತು.

ಮಬ್ಬು ಬಂದೇಬಿಟ್ಟರೆ ಗಾಬರಿಯಾಗಿ ಕೆರೆಯಬೇಡಿ. ಒಣ ದಿನ ನೋಡಿ ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್ ಅನ್ನು, ಗಾಳಿ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಲ್ಲಿ ತೀರಾ ತೆಳುವಾಗಿ ಅದರ ಮೇಲೆ ಹಾಯಿಸಿ. ಪದರ ಸ್ವಲ್ಪ ಸಡಿಲವಾಗಿ ನೀರು ಹೊರಗೆ ಹೋದರೆ ಮಬ್ಬು ತಿಳಿಯಾಗುತ್ತದೆ. ಬಣ್ಣ ಕಲಸುವಾಗಲೇ ಈ ಥಿನ್ನರ್ ಬಳಸಿದರೆ ಒಣಗುವುದು ನಿಧಾನವಾಗಿ ಮಬ್ಬು ಬರುವುದೂ ಕಡಿಮೆ.

ನೀರಿನಲ್ಲಿ ಕಲಸುವ ಅಕ್ರಿಲಿಕ್, ಅಂದರೆ ವಲ್ಲೆಹೊ ಥರದ್ದು, ಮಳೆಯಲ್ಲಿ ಮಬ್ಬಾಗುವುದಿಲ್ಲ. ಆದರೆ ಒಣಗುವುದೇ ಇಲ್ಲ ಅನ್ನಿಸುವಷ್ಟು ತಡ ಮಾಡುತ್ತದೆ. ಮೇಲೆ ಒಣಗಿದಂತೆ ಕಂಡು ಒಳಗೆ ಮೆತ್ತಗಿರುತ್ತದೆ, ಟೇಪ್ ಹಾಕಿ ಎಳೆದರೆ ಟೇಪಿನ ಜೊತೆಗೇ ಬರುತ್ತದೆ. ಇನಾಮಲ್ ಇನ್ನೂ ನಿಧಾನ. ಇನಾಮಲ್, ಲ್ಯಾಕರ್ ಒಣಗಿದೆಯಾ ಅಂತ ತಿಳಿಯಲು ಒಳ್ಳೆಯ ದಾರಿ ಮೂಸಿ ನೋಡುವುದು: ಥಿನ್ನರ್ ವಾಸನೆ ಬರುತ್ತಿದ್ದರೆ ಒಣಗಿಲ್ಲ, ಮುಟ್ಟಬೇಡಿ.

ಬೇಗ ಒಣಗಲಿ ಅಂತ ಒಲೆ ಹತ್ತಿರ ಇಡಬಹುದಾ?

ಬೇಡವೇ ಬೇಡ. ಪಾಲಿಸ್ಟೈರೀನ್ 80–90 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗಿ ರೆಕ್ಕೆ ಬಾಗುತ್ತದೆ. ಅಡುಗೆಮನೆ ಹೊಗೆ, ಮಸಿ ಬೇರೆ ಕೂರುತ್ತದೆ. ಒಂದು ಮುಚ್ಚಳದ ಪೆಟ್ಟಿಗೆಯ ಬದಿಯಲ್ಲಿ ಗಾಳಿಗೆ ತೂತು ಮಾಡಿ, ಮಾಡೆಲ್‌ನಿಂದ ದೂರ ಇರುವಂತೆ ಕಡಿಮೆ ವ್ಯಾಟಿನ ಹಳೆ ಬಲ್ಬು ಹಾಕಿ. ಒಳಗೆ 35–40 ಡಿಗ್ರಿ ಇದ್ದರೆ ಸಾಕು. ಬಲ್ಬು ರಟ್ಟಿಗೆ ತಾಗಬಾರದು, ಉರಿಯುತ್ತಿರುವಾಗ ಮನೆ ಬಿಟ್ಟು ಹೋಗಬಾರದು.

ಹಾಗಾದರೆ ಬಣ್ಣಕ್ಕೆ ಸರಿಯಾದ ಸಮಯ ಯಾವುದು?

ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ತನಕ. ಕಾಫಿ ಕಣದಲ್ಲಿ ಒಣಗುವ ದಿನಗಳೆಲ್ಲ ಮಾಡೆಲ್‌ಗೂ ಒಳ್ಳೆಯ ದಿನಗಳೇ. ಬೆಳಗ್ಗೆ ಮಂಜು ಇಳಿದು ಹೋಗಲಿ, 11 ಗಂಟೆಯಿಂದ ಮಧ್ಯಾಹ್ನ 3ರವರೆಗೆ ಕೂರಿ. ಆಗ ತೊಂದರೆ ಕೊಡುವುದು ರಸ್ತೆಯ ಧೂಳು. ಕೋಣೆ ನೆಲಕ್ಕೆ ಸ್ವಲ್ಪ ಮುಂಚೆ ಒದ್ದೆ ಬಟ್ಟೆ ಹಾಕಿ ಒರೆಸಿ, ಹೊಡೆದ ತಕ್ಷಣ ಮಾಡೆಲ್ ಮೇಲೆ ಒಂದು ಡಬ್ಬಿ ಮುಚ್ಚಿಡಿ.

ಏರ್‌ಬ್ರಷ್ ಇಲ್ಲದೆ ಆಗುತ್ತಾ?

ಆಗುತ್ತದೆ. ಬ್ರಷ್‌ನಲ್ಲೇ ಅದ್ಭುತವಾಗಿ ಮಾಡುವವರಿದ್ದಾರೆ. ಅಗಲವಾದ ಮೆತ್ತನೆ ಬ್ರಷ್, ಹಾಲಿನಷ್ಟು ತೆಳುವಾದ ಬಣ್ಣ, ಒಂದು ಪದರ ಪೂರ್ತಿ ಒಣಗಿದ ಮೇಲೆ ಅಡ್ಡಡ್ಡ ಇನ್ನೊಂದು. ಮೊದಲ ಪದರ ನೋಡಿದರೆ ಹೊಟ್ಟೆ ಉರಿಯುತ್ತದೆ, ಮೂರನೆಯದಕ್ಕೆ ಸರಿಹೋಗುತ್ತದೆ. ಅರ್ಧ ಒಣಗಿದ ಬಣ್ಣದ ಮೇಲೆ ಮತ್ತೆ ಬ್ರಷ್ ಎಳೆಯಬೇಡಿ.

ಏರ್‌ಬ್ರಷ್ ತಗೊಳ್ಳುವುದಾದರೆ 0.3 ಮಿಲಿಮೀಟರ್ ನಾಜಲ್ ಇರುವ ಡಬಲ್ ಆಕ್ಷನ್ (ಗುಂಡಿ ಒತ್ತಿದರೆ ಗಾಳಿ, ಹಿಂದೆ ಎಳೆದರೆ ಬಣ್ಣ) ಸಾಕು, 15–20 ಪಿಎಸ್ಐ ಒತ್ತಡ. ಕಂಪ್ರೆಸರ್‌ಗೆ ಗಾಳಿ ತುಂಬುವ ಟ್ಯಾಂಕ್ ಇರಲಿ. ಕರೆಂಟ್ ಹೋದರೂ ಹಿಡಿದ ಪದರ ಮುಗಿಸುವಷ್ಟು ಗಾಳಿ ಉಳಿದಿರುತ್ತದೆ, ನಮ್ಮಲ್ಲಿ ಕರೆಂಟ್ ಹೋಗುವ ಹೊತ್ತು ಹೇಳೋಕಾಗಲ್ಲ ಅಲ್ವಾ. ನೀರು ಹಿಡಿಯುವ ಫಿಲ್ಟರ್ ಇಲ್ಲಿ ಕಡ್ಡಾಯ. ಒತ್ತಿದ ಗಾಳಿಯಿಂದ ನೀರು ಬೇರ್ಪಟ್ಟು ಪೈಪಿನಲ್ಲಿ ಸೇರಿ ಬಣ್ಣದ ಜೊತೆ ಉಗಿದರೆ ಆ ದಿನದ ಕೆಲಸ ಹಾಳು. ಟ್ಯಾಂಕಿನ ತಳದ ಸ್ಕ್ರೂ ತಿರುಗಿಸಿ ನೀರನ್ನು ಪ್ರತಿ ಸಲ ಬಿಡಿ.

ಲ್ಯಾಕರ್ ಹೊಡೆಯುವಾಗ ಕಿಟಕಿ ತೆರೆದು, ದ್ರಾವಕದ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿ. ಬಟ್ಟೆ ಮಾಸ್ಕ್ ಪ್ರಯೋಜನವಿಲ್ಲ. ಹತ್ತಿರ ಒಲೆ, ಊದುಬತ್ತಿ ಯಾವುದೂ ಬೇಡ.

ಹಂಟರ್ ಬಣ್ಣ ಯಾವುದು? ಎರಡು ಬಣ್ಣ ಸೇರುವ ಅಂಚು ಹೇಗೆ ಮಾಡುವುದು?

ಮೊದಮೊದಲು ಬಂದವು ಮೇಲೆ ಕಡು ಹಸಿರು ಮತ್ತು ಕಡು ಬೂದು, ಕೆಳಗೆ ಬೆಳ್ಳಿ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಅಂಚು ಕೊಂಚ ಮೃದುವಾಗಿ ಬೇಕಿದ್ದರೆ ಬ್ಲೂ ಟ್ಯಾಕ್ ಅನ್ನೋ ಮೇಣದಂಥ ಅಂಟನ್ನು ಸಪೂರ ಹುರಿಯಾಗಿ ಉರುಳಿಸಿ ಗೆರೆ ಹೋಗುವ ಕಡೆ ಇಟ್ಟು, ಆಚೆ ಬದಿ ಟೇಪಿನಿಂದ ಮುಚ್ಚಿ, ನೇರ ಮೇಲಿನಿಂದ ಹೊಡೆಯಿರಿ. ಸ್ಟೇಷನರಿ ಅಂಗಡಿಯ ಪಾರದರ್ಶಕ ಟೇಪ್ ಬೇಡ, ಅಂಟು ಉಳಿಯುತ್ತದೆ.

ಹೊಳೆಯುವ ಲೋಹದ ಬಣ್ಣ?

ಮೈ ಕನ್ನಡಿಯಷ್ಟು ನುಣುಪಾಗಬೇಕು, 2000ದವರೆಗೆ ಉಜ್ಜಿ, ಹೊಳೆಯುವ ಕಪ್ಪು ಹೊಡೆದು, ಪೂರ್ತಿ ಒಣಗಿಸಿ, ಮೇಲೆ ಆಲ್‌ಕ್ಲಾಡ್ ಥರದ ಲ್ಯಾಕರ್ ಲೋಹ ಬಣ್ಣ ತೆಳುವಾಗಿ. ಜನವರಿ ಬಿಟ್ಟು ಬೇರೆ ತಿಂಗಳು ಇದಕ್ಕೆ ಕೈ ಹಾಕಬೇಡಿ.

ಡಿಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಅಂಟಿಸಿದ ಮೇಲೆ ಸುತ್ತ ಬೆಳ್ಳಿ ಥರ ಹೊಳೆಯುತ್ತದೆ.

ಕೆಳಗೆ ಗಾಳಿ ಸಿಕ್ಕಿಕೊಂಡಿದೆ. ಹೊಳಪಿಲ್ಲದ ಮ್ಯಾಟ್ ಬಣ್ಣ ಒರಟು, ಅದರ ಮೇಲೆ ಡಿಕಾಲ್ ಪೂರ್ತಿ ಕೂರುವುದಿಲ್ಲ. ಮೊದಲು ಗ್ಲಾಸ್ ವಾರ್ನಿಷ್, ಆಮೇಲೆ ಡಿಕಾಲ್, ಕೊನೆಗೆ ಮ್ಯಾಟ್ ವಾರ್ನಿಷ್. ಅಂಟಿಸುವ ಜಾಗಕ್ಕೆ ಮೈಕ್ರೋ ಸೆಟ್ ದ್ರವ ಹಚ್ಚಿ, ಕೂತ ಮೇಲೆ ಡಿಕಾಲನ್ನು ಮೆತ್ತಗೆ ಮಾಡುವ ಮೈಕ್ರೋ ಸಾಲ್. ಸಾಲ್ ಹಚ್ಚಿದಾಗ ಡಿಕಾಲ್ ಸುಕ್ಕುಗಟ್ಟುತ್ತದೆ, ಹೆದರಬೇಡಿ, ಮುಟ್ಟಬೇಡಿ, ತಾನೇ ಇಳಿದು ಮೈಮೇಲೆ ಕೊರೆದ ಗೆರೆಗಳೊಳಗೆ ಕೂರುತ್ತದೆ. ನಮ್ಮ ವಾಯುಪಡೆಯ ವೃತ್ತದಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು.

ಹಳೆ ಕಿಟ್‌ನ ಡಿಕಾಲ್ ಹಳದಿಯಾಗಿದ್ದರೆ ಜಿಪ್ ಕವರಿನಲ್ಲಿ ಹಾಕಿ ಬಿಸಿಲು ಬರುವ ಕಿಟಕಿ ಗಾಜಿಗೆ ಅಂಟಿಸಿ ಕೆಲವು ದಿನ ಬಿಡಿ, ಬಿಳುಪು ಮರಳುತ್ತದೆ.

ಕೊಳೆ, ಸವೆತ ಎಷ್ಟು ತೋರಿಸಬೇಕು?

ಕಡಿಮೆ. ಫೈಟರ್ ವಿಮಾನವನ್ನು ದಿನಾ ನೋಡಿಕೊಳ್ಳುವವರಿರುತ್ತಾರೆ, ತುಕ್ಕು ಹಿಡಿದ ಲಾರಿಯ ಹಾಗೆ ಬಿಟ್ಟಿರುವುದಿಲ್ಲ. ಕ್ಯಾಮ್ಲಿನ್ ಆಯಿಲ್ ಕಲರಿನ ಕಡು ಕಂದು, ಕಪ್ಪು ಸೇರಿಸಿ ಟರ್ಪೆಂಟೈನ್‌ನಲ್ಲಿ ತೀರಾ ತೆಳು ಮಾಡಿ ಗೆರೆಗಳಿಗೆ ಹರಿಸಿ, ಒಣಗುವ ಹೊತ್ತಿಗೆ ಗಾಳಿ ಹೋಗುವ ದಿಕ್ಕಿನಲ್ಲೇ ಒರೆಸಿ. ಇದನ್ನು ಅಕ್ರಿಲಿಕ್ ಅಥವಾ ಲ್ಯಾಕರ್ ವಾರ್ನಿಷ್ ಮೇಲೆ ಮಾತ್ರ ಮಾಡಿ, ಇನಾಮಲ್ ಮೇಲೆ ಮಾಡಿದರೆ ಕೆಳಗಿನ ಬಣ್ಣ ಕರಗುತ್ತದೆ.

ಎಲ್ಲಿ ಸವೆಯುತ್ತದೆ ಅಂತ ತಿಳಿಯಬೇಕಾದರೆ ಏರ್‌ಫೋರ್ಸಿನಿಂದ ನಿವೃತ್ತರಾಗಿ ಊರಲ್ಲಿರುವ ಮಾವನನ್ನೋ ಅಜ್ಜನನ್ನೋ ಕೇಳಿ, ಕೊಡಗಿನಲ್ಲಿ ಅಂಥವರಿಗೇನೂ ಬರವಿಲ್ಲ. ಅದರಲ್ಲೂ ಕೆಳಗೆ ನಿಂತು ವಿಮಾನ ಸಿದ್ಧ ಮಾಡುತ್ತಿದ್ದವರು. ಏಣಿ ತಾಗುವ ಜಾಗ, ಕಾಲಿಟ್ಟು ಹತ್ತುವ ರೆಕ್ಕೆ ಬುಡ, ದಿನಾ ತೆರೆಯುವ ಮುಚ್ಚಳದ ಸ್ಕ್ರೂ ಸುತ್ತ, ಇಂಥವನ್ನು ಅವರಷ್ಟು ಸರಿಯಾಗಿ ಯಾರೂ ಹೇಳಲಾರರು.

ಅಜ್ಜಮಾಡ ದೇವಯ್ಯನವರ ವಿಮಾನ ಮಾಡಬೇಕು, ಹೇಗೆ?

ಈ ಪ್ರಶ್ನೆ ಬಂದಾಗೆಲ್ಲ ಖುಷಿಯಾಗುತ್ತದೆ. ಮಡಿಕೇರಿಯ ಸರ್ಕಲ್‌ಗೆ ಹೆಸರು ಕೊಟ್ಟ ಸ್ಕ್ವಾಡ್ರನ್ ಲೀಡರ್ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ದಾಳಿಗೆ ಹೋದದ್ದು ಫ್ರಾನ್ಸಿನ ಡಸ್ಸೋ ಮಾಡಿದ ಮಿಸ್ಟೇರ್ 4ಎ ವಿಮಾನದಲ್ಲಿ, ನಂಬರ್ 1 ಸ್ಕ್ವಾಡ್ರನ್ನಿನದು. ತನಗಿಂತ ಎಷ್ಟೋ ವೇಗದ ಎಫ್-104 ಸ್ಟಾರ್‌ಫೈಟರ್ ಅನ್ನು ಹೊಡೆದುರುಳಿಸಿ, ತಾವೂ ಅಲ್ಲೇ ಪ್ರಾಣ ಕೊಟ್ಟರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಮಿಸ್ಟೇರ್ ಕಿಟ್ ಹಂಟರ್‌ನಷ್ಟು ಸುಲಭವಾಗಿ ಸಿಗುವುದಿಲ್ಲ. ಮ್ಯಾಚ್‌ಬಾಕ್ಸ್ ಕಂಪನಿಯ 1/72 ಹಳೆ ಕಿಟ್ ಸೆಕೆಂಡ್‌ಹ್ಯಾಂಡ್‌ನಲ್ಲಿ ಕಣ್ಣಿಗೆ ಬಿದ್ದರೆ ಬಿಡಬೇಡಿ. ವಿವರ ಕಡಿಮೆ, ಕಾಕ್‌ಪಿಟ್ ಬರಿದು, ಆದರೂ ಕಟ್ಟಬಹುದು. ಭಾರತದ ಗುರುತುಗಳು ಬಾಕ್ಸಿನಲ್ಲಿ ಇಲ್ಲದಿದ್ದರೆ ಬೇರೆಯಾಗಿ ತರಿಸಬೇಕಾಗುತ್ತದೆ. ಇದನ್ನೇ ಮೊದಲ ಮಾಡೆಲ್ ಮಾಡಬೇಡಿ. ಎರಡು ಮೂರು ಕಟ್ಟಿ ಕೈ ಕುದುರಿದ ಮೇಲೆ, ಅವರ ಹೆಸರಿಗೆ ತಕ್ಕ ಹಾಗೆ ಮಾಡಿ. ಸ್ಟಾರ್‌ಫೈಟರ್ ಅನ್ನೂ ಅದೇ ಅಳತೆಯಲ್ಲಿ ಪಕ್ಕಕ್ಕೆ ಇಟ್ಟರೆ ಅವತ್ತು ಆಕಾಶದಲ್ಲಿ ಯಾವುದರ ಎದುರು ಯಾವುದಿತ್ತು ಅಂತ ನೋಡಿದವರಿಗೆ ಒಮ್ಮೆಗೇ ಅರ್ಥವಾಗುತ್ತದೆ.

ಮಕ್ಕಳು ಮಾಡಬಹುದಾ?

ಹತ್ತು ಹನ್ನೆರಡು ವರ್ಷ ಆದವರು ದೊಡ್ಡವರ ಜೊತೆ ಕೂತು ಮಾಡಲಿ. ಚಾಕು ಮತ್ತು ಅಂಟು ದೊಡ್ಡವರ ಕೈಯಲ್ಲಿ, ನೀರಿನ ಅಕ್ರಿಲಿಕ್ ಮಾತ್ರ.

ಬೂಷ್ಟು ಹಿಡಿಯದ ಹಾಗೆ ಇಡುವುದು ಹೇಗೆ?

ಪ್ಲಾಸ್ಟಿಕ್ಕಿಗಿಂತ ಮೊದಲು ಬೂಷ್ಟು ಹಿಡಿಯುವುದು ರಟ್ಟಿನ ಬಾಕ್ಸ್, ಸೂಚನಾ ಹಾಳೆ, ಡಿಕಾಲ್ ಕಾಗದಕ್ಕೆ. ಡಿಕಾಲ್ ಮತ್ತು ಹಾಳೆಯನ್ನು ಜಿಪ್ ಕವರಿಗೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ಇರುವ ಗಾಳಿಯಾಡದ ಡಬ್ಬಿಯಲ್ಲಿಡಿ. ಮೇ ತಿಂಗಳಲ್ಲೇ ಈ ಕೆಲಸ ಮುಗಿಸಿ. ಮುಗಿದ ಮಾಡೆಲ್ ಗಾಜಿನ ಶೋಕೇಸಿನಲ್ಲಿರಲಿ, ಹೊರಗೋಡೆಗೆ ತಾಗಿಸಬೇಡಿ, ಆ ಗೋಡೆ ಮಳೆಯಲ್ಲಿ ಬೆವರುತ್ತದೆ. ನೇರ ಬಿಸಿಲೂ ಬೇಡ. ಧೂಳು ಕೂತರೆ ಒಣ ಮೇಕಪ್ ಬ್ರಷ್ ಸಾಕು.

ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ಯಬೇಕು. ಮುರಿಯದ ಹಾಗೆ ಪ್ಯಾಕ್ ಮಾಡುವುದು ಹೇಗೆ?

ಹತ್ತಿ, ಬಟ್ಟೆ ಸುತ್ತಬೇಡಿ, ಆಂಟೆನಾ, ವೇಗ ಅಳೆಯುವ ಸಪೂರ ಪಿಟೊ ಕೊಳವೆ ಸಿಕ್ಕಿಕೊಂಡು ಮುರಿಯುತ್ತವೆ. ಗಟ್ಟಿ ಪೆಟ್ಟಿಗೆಯ ತಳಕ್ಕೆ ಫೋಮ್ ಅಂಟಿಸಿ, ರೆಕ್ಕೆ ಬುಡಕ್ಕೂ ಹೊಟ್ಟೆಗೂ ಆಧಾರ ಸಿಗುವಂತೆ ಗುಂಡಿ ಕತ್ತರಿಸಿ, ಚಕ್ರದ ಮೇಲೆ ಭಾರ ಬೀಳದ ಹಾಗೆ ಕೂರಿಸಿ. ಮೇಲಿನಿಂದ ಅಗಲವಾದ ಬಟ್ಟೆ ಪಟ್ಟಿ ಒಂದು ಸಡಿಲವಾಗಿ ಹಾದು ಹೋಗಲಿ. ಪೆಟ್ಟಿಗೆಯನ್ನು ಬಸ್ಸಿನ ಮೇಲಿನ ಲಗೇಜ್ ಅಟ್ಟದಲ್ಲಿ ಇಡಬೇಡಿ. ಕುಶಾಲನಗರದವರೆಗಿನ ತಿರುವುಗಳಲ್ಲಿ ತೊಡೆ ಮೇಲೇ ಇಟ್ಟುಕೊಳ್ಳಿ.